ಚರಂಡಿಗೆ ರಿಬ್ಬನ್ ಕಟ್ಟೋದು ಎಲ್ಲಿ?

ಬಳ್ಳಾರಿಯ ನಮ್ಮ ಓಣಿಯ ಚರಂಡಿ ನೀರು ನೀಲಿ. ಜೀನ್ಸ್ ಪ್ಯಾಂಟು ತೊಳೆದ ಬಣ್ಣ ಅದು. ಕಿಟಕಿ ಸರಳಿನ ಮೇಲೆ ಕೂತಿರೋದು ಮಾತ್ರ ಕೆಂಪು. ಅದು ಲಾರಿಗಳು ಉದುರಿಸಿಕೊಂಡು ಹೋದ ಅದಿರಿನ ಧೂಳು. ಕೆಳಗೆ ನೀಲಿ, ಮೇಲೆ ಕೆಂಪು. ಇಷ್ಟು ಬಣ್ಣ ಇರುವಾಗ ಸುಂದರೀಕರಣಕ್ಕೆ ಅಂತ ಬೇರೆ ದುಡ್ಡು ಯಾಕೆ ಬೇಕೋ ಗೊತ್ತಿಲ್ಲ.

ದುಡ್ಡಿಗೇನೂ ಬರ ಇಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಬೇರೆ ಊರಿನವರು ಅನುದಾನ ಇಲ್ಲ ಅಂತ ಅಳುತ್ತಾರೆ. ನಮಗೆ ಆ ಭಾಗ್ಯವೂ ಇಲ್ಲ. 2015ರಲ್ಲಿ ಕಾನೂನು ತಿದ್ದುಪಡಿಯಾಗಿ ಗಣಿ ಇರುವ ಜಿಲ್ಲೆಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು, ಅದೇ ಡಿಎಂಎಫ್. ಹಳೆ ಗಣಿಯವರು ಸರ್ಕಾರಕ್ಕೆ ಕಟ್ಟುವ ರಾಜಧನದ ಮೇಲೆ ಇನ್ನೂ ಶೇ. 30, ಹರಾಜಿನಲ್ಲಿ ಹಿಡಿದವರು ಶೇ. 10 ಇದಕ್ಕೆ ಹಾಕಬೇಕು. ಗಣಿಯಿಂದ ಕೆಟ್ಟ ಊರುಗಳಿಗೆ ಕುಡಿಯೋ ನೀರು, ಆಸ್ಪತ್ರೆ, ಶಾಲೆ ಮಾಡಿಕೊಡಿ ಅಂತ.

ಇದು ಒಂದು ಗಂಟು. ಇನ್ನೊಂದು ಗಂಟು ಇದಕ್ಕಿಂತ ದೊಡ್ಡದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಮೇಲೆ ಗಣಿಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ, ತೀರಾ ಕೆಟ್ಟು ಹೋದ ಸಿ ದರ್ಜೆಯ 51 ಗುತ್ತಿಗೆ ರದ್ದು ಮಾಡಿತು. ಅದಿರು ಮಾರಿದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟು ಹಾಳಾದ ಪ್ರದೇಶ ಸರಿಮಾಡಿ ಎಂದಿತು. 2014ರಲ್ಲಿ ಅದಕ್ಕೊಂದು ನಿಗಮವೂ ಹುಟ್ಟಿತು. ದುಡ್ಡು ಬಂತು. ಬಂದು ಬ್ಯಾಂಕಿನಲ್ಲಿ ಮಲಗಿತು. ಖರ್ಚು ಮಾಡುವ ದೊಡ್ಡ ಯೋಜನೆಗೆ ಕೋರ್ಟಿನಿಂದ ಹಸಿರು ನಿಶಾನೆ ಸಿಕ್ಕಿದ್ದು 2022ರಲ್ಲಿ. ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ ರೂಪಾಯಿ. ಅಷ್ಟೂ ವರ್ಷ ದುಡ್ಡು ಬಡ್ಡಿ ಹೆರುತ್ತಾ ಮಲಗಿತ್ತು, ನಾವು ಕೆಮ್ಮುತ್ತಾ ಎದ್ದಿದ್ದೆವು. ಗಣಿಬಾಧಿತರಲ್ಲಿ ಸುಖವಾಗಿ ನಿದ್ದೆ ಮಾಡಿದ್ದು ಅದೊಂದೇ.

ಬಾಧಿತ ಅಂದೆ. ಅದಕ್ಕೂ ಅಳತೆ ಇದೆ. 2024ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿದ್ದರೆ ನೇರ ಬಾಧಿತ, 25 ಕಿ.ಮೀ. ಒಳಗಿದ್ದರೆ ಪರೋಕ್ಷ ಬಾಧಿತ. ಧೂಳಿಗೆ ಈ ಮಾರ್ಗಸೂಚಿ ಯಾರೂ ಓದಿ ಹೇಳಿಲ್ಲ ಅಂತ ಕಾಣುತ್ತದೆ. ಇಪ್ಪತ್ತಾರನೇ ಕಿಲೋಮೀಟರಿಗೂ ಲಾರಿ ಹತ್ತಿ ಬಂದುಬಿಡುತ್ತದೆ, ಪಾಪ.

ಇಂಥ ದುಡ್ಡಿಗೆ ಎಚ್ಚರವಾದಾಗ ಅದು ಮೊದಲು ಹೋಗೋದು ಎಲ್ಲಿಗೆ? ನಮ್ಮ ಮಿರ್ಚಿ ಅಂಗಡಿ ಅಜ್ಜನ ಪ್ರಕಾರ ಸರ್ಕಲ್ಲಿಗೆ. "ಹತ್ತು ದಿನಕ್ಕೊಮ್ಮೆ ನಲ್ಲಿ ಬರೋ ಊರಾಗೆ ಕಾರಂಜಿ ಹಾಕಿದ್ರೆ ನೋಡೋಕೆ ಚೆಂದ ಅಲ್ಲೇನ್ರಿ? ಬಿಂದಿಗೆ ಹಿಡಕೊಂಡು ಅಲ್ಲೇ ಹೋಗಿ ನಿಂದ್ರಬೋದು" ಎನ್ನುತ್ತಾ ಒಗ್ಗರಣೆ ಮಂಡಕ್ಕಿಗೆ ಪುಟಾಣಿ ಹಿಟ್ಟು ಉದುರಿಸಿದ.

ಅಧ್ಯಯನ ಪ್ರವಾಸಕ್ಕೆ ಹೋಗುವವರಿಗೆ ನನ್ನದೊಂದು ವಿನಂತಿ. ಜರ್ಮನಿಯ ರೂರ್ ಸೀಮೆಗೆ ಮಾತ್ರ ಹೋಗಬೇಡಿ. ಅದೂ ನಮ್ಮಂಥದೇ ಜಾಗ, ಕಲ್ಲಿದ್ದಲು ಮತ್ತು ಉಕ್ಕಿನದು. ಎಸೆನ್ ಊರಿನ ಝೋಲ್‌ವೆರೈನ್ ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿವರೆಗೆ ಸರಿ, ಫೋಟೋ ತೆಗೆಯಬಹುದು. ಆದರೆ ಎಂಶರ್ ಅಂತ ಒಂದು ನದಿ ಇದೆ. ನೂರು ವರ್ಷ ಅದನ್ನು ತೆರೆದ ಚರಂಡಿ ಮಾಡಿಕೊಂಡಿದ್ದರು. ಅದನ್ನು ತಿರುಗಿ ನದಿ ಮಾಡಲು 1992ರಿಂದ 2021ರವರೆಗೆ ಕೆಲಸ ಮಾಡಿದರು. 51 ಕಿ.ಮೀ. ಕೊಳವೆ, ಅದೂ ನೆಲದ ಅಡಿಯಲ್ಲಿ! 500 ಕೋಟಿ ಯೂರೋಗಿಂತ ಜಾಸ್ತಿ ಖರ್ಚು, ಮೇಲೆ ನಿಂತರೆ ಒಂದು ಕಮಾನೂ ಕಾಣೋದಿಲ್ಲ. ಮೂವತ್ತು ವರ್ಷ ಅಂದರೆ ನಮ್ಮಲ್ಲಿ ಆರು ಚುನಾವಣೆ. ಒಬ್ಬರು ಅಗೆದ ಗುಂಡಿಗೆ ಆರನೆಯವರು ಮುಚ್ಚಳ ಹಾಕೋದಾದರೆ ಹಾರ ಯಾರ ಕೊರಳಿಗೆ? ರಿಬ್ಬನ್ ಎಲ್ಲಿಗೆ ಕಟ್ಟೋದು, ಮ್ಯಾನ್‌ಹೋಲಿಗಾ? ಇದನ್ನೆಲ್ಲ ನೋಡಿ ಬಂದರೆ ಸುಮ್ನೆ ಮನಸ್ಸು ಕೆಡುತ್ತದೆ.

ನಮ್ಮ ಓಣಿಗೂ ಒಮ್ಮೆ ಚರಂಡಿ ಬಂದಿತ್ತು. ಅಂದರೆ, ಗುದ್ದಲಿಪೂಜೆ ಬಂದಿತ್ತು. ಶಾಮಿಯಾನ, ಐದು ತೆಂಗಿನಕಾಯಿ, ಅರಿಶಿನ ಬಳಿದ ಹೊಸ ಗುದ್ದಲಿ. ಅದರ ಹಿಡಿಗೆ ಅಂಗಡಿಯ ದರದ ಚೀಟಿ ಇನ್ನೂ ಅಂಟಿತ್ತು. ಮೂರು ಸಲ ನೆಲಕ್ಕೆ ತಾಗಿಸಿದರು. ಗುದ್ದಲಿ ಜೀಪು ಹತ್ತಿತು. ಶಾಮಿಯಾನವೂ ಹೋಯಿತು. ಉಳಿದದ್ದು ಅಡಿಗಲ್ಲು ಮಾತ್ರ. ಒಳ್ಳೆ ಕರಿ ಗ್ರಾನೈಟು, ಮುಖ ನೋಡಿಕೊಳ್ಳಬಹುದು. ಇಪ್ಪತ್ಮೂರು ಹೆಸರು ಕೆತ್ತಿದ್ದರು, ನಾನೇ ಎಣಿಸಿದ್ದೇನೆ. ಕಾಮಗಾರಿಯ ಹೆಸರು ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. 'ಅಂದಾಜು ಮೊತ್ತ ರೂ.' ಅಂತ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದರು.

ಎರಡು ಮಳೆಗಾಲ ಕಲ್ಲು ನಿಂತೇ ಇತ್ತು. ಮೂರನೆಯದಕ್ಕೆ ಬುಡ ಸಡಿಲವಾಗಿ ವಾಲಿತು. ಎದುರು ಮನೆ ಅಕ್ಕ, ಜೀನ್ಸ್ ಹೊಲಿಯೋಳು, ಅದನ್ನು ಪೂರ್ತಿ ಕೆಡವಿ ಚರಂಡಿಗೆ ಅಡ್ಡ ಹಾಕಿಸಿದಳು. ಒಮ್ಮೆಗೇ ಓಣಿ ದಾಟೋಕೆ ದಾರಿಯಾಯಿತು. ಶಾಲೆ ಮಕ್ಕಳು, ಹಾಲಿನವನ ಸೈಕಲ್ಲು, ಪ್ಯಾಂಟಿನ ಗಂಟು ಹೊತ್ತ ಹುಡುಗರು, ಎಲ್ಲರೂ ಅದರ ಮೇಲೇ.

ತಕರಾರು ಬಂದದ್ದು ಮೂಲೆ ಮನೆ ಅಜ್ಜಿಯಿಂದ. "ಅಷ್ಟು ಮಂದಿ ದೊಡ್ಡೋರ ಹೆಸರು ಐತಲ್ಲವ್ವ, ತುಳಿದ್ರೆ ಪಾಪ ಬರ್ತೈತೆ" ಎಂದಳು. ಮಾತು ಸರಿಯೇ. ನಾಲ್ಕು ಜನ ಸೇರಿ ಕಲ್ಲು ಬೋರಲು ಹಾಕಿದೆವು. ಇಪ್ಪತ್ಮೂರೂ ಹೆಸರು ಈಗ ನೀಲಿ ನೀರಿನ ಕಡೆ ಮುಖ ಮಾಡಿವೆ.

ಹೋದ ತಿಂಗಳು ಯಾರೋ ಒಬ್ಬರು ಟೇಪು ಹಿಡಿದು ಬಂದರು. ಚರಂಡಿಯ ಆಚೆ ಈಚೆ ನೋಡಿದರು, ಕರ್ಚೀಫು ಮೂಗಿಗೆ ಹಿಡಿದರು. ಕಲ್ಲಿನ ಉದ್ದ ಅಳೆದರು, ಅಗಲ ಅಳೆದರು, ಮೊಬೈಲಿನಲ್ಲಿ ಫೋಟೋ ತೆಗೆದರು.

"ಏನ್ ಬರಕೊಂಡ್ರಿ ಸಾರ್?" ಅಂತ ಅಕ್ಕ ಕೇಳಿದಳು.

"ಚರಂಡಿ ಮೇಲೆ ಸ್ಲ್ಯಾಬು, ಒಂದು" ಎಂದರು. "ಪೂರ್ಣಗೊಂಡಿದೆ."