ಹೊಳೆ ದಾಟಿದರೂ ದೋಣಿ ಇಳಿಯದವರು

2016ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದ ಬಳಿಕವೂ ಟ್ರಂಪ್ ನಡೆಸಿದ ಪ್ರಚಾರ ಸಭೆಗಳನ್ನು ಸಮರ್ಥಿಸುವ ಲೇಖನವೊಂದರಲ್ಲಿ, ‘ಗೆದ್ದ ಮೇಲೂ ಟ್ರಂಪ್ ಜನರ ಬಳಿಗೆ ಹೋದರೆ ತಪ್ಪೇನು, ಒಬಾಮ ಹೋಗಿರಲಿಲ್ಲವೇ?’ ಎಂದು ಲೇಖಕರು ಕೇಳಿದ್ದಾರೆ. ಹೋಗಿದ್ದರು, ನಿಜ. 2009ರ ಫೆಬ್ರುವರಿಯಲ್ಲಿ ಇಂಡಿಯಾನಾದ ಎಲ್ಕ್‌ಹಾರ್ಟ್‌ಗೆ, ಮರುದಿನವೇ ಫ್ಲಾರಿಡಾದ ಫೋರ್ಟ್ ಮೈಯರ್ಸ್‌ಗೆ. ಆದರೆ ಆಗ ಆರ್ಥಿಕ ಚೇತರಿಕೆಯ ಮಸೂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದಿತ್ತು, ಸಭಿಕರು ಎದ್ದು ನಿಂತು ಪ್ರಶ್ನೆ ಕೇಳಿದರು. ವಾರ ಕಳೆಯುವಷ್ಟರಲ್ಲಿ ಮಸೂದೆಗೆ ಸಹಿಯೂ ಬಿತ್ತು.

2017ರ ಫೆಬ್ರುವರಿ 18ರ ಸಭೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಟ್ರಂಪ್ ಅಧಿಕಾರ ವಹಿಸಿಕೊಂಡು ತಿಂಗಳೂ ತುಂಬಿರಲಿಲ್ಲ. ಫ್ಲಾರಿಡಾದ ಮೆಲ್ಬರ್ನ್‌ನಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರ್ ಒಂದೇ ಸಭಾಂಗಣ, ಹಿಂದೆ ಪರದೆಯಂತೆ ಅಧ್ಯಕ್ಷರ ವಿಮಾನ ಏರ್‌ಫೋರ್ಸ್ ಒನ್, ಖರ್ಚು ಮಾತ್ರ ಅವರ ಚುನಾವಣಾ ಪ್ರಚಾರ ಸಮಿತಿಯದು. ಪ್ರಮಾಣವಚನ ಸ್ವೀಕರಿಸಿದ ದಿನವೇ 2020ರ ಸ್ಪರ್ಧೆಗೆ ಕಾಗದಪತ್ರ ಸಲ್ಲಿಸಿದವರಿಗೆ ಇದು ಸಹಜವೇ ಬಿಡಿ! ಅಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಅಭಿಮಾನಿಯೊಬ್ಬನನ್ನು ಬೇಲಿ ದಾಟಿಸಿ ವೇದಿಕೆಗೆ ಕರೆದು ಮೈಕಿನ ಮುಂದೆ ನಿಲ್ಲಿಸಿದರು, ಅವನು ಹೊಗಳಿ ಇಳಿದ. ‘ನಿನ್ನೆ ರಾತ್ರಿ ಸ್ವೀಡನ್‌ನಲ್ಲಿ ಏನಾಯಿತು ನೋಡಿ’ ಎಂಬ ಮಾತು ಟ್ರಂಪ್ ಬಾಯಿಂದ ಬಂದದ್ದೂ ಅದೇ ಸಭೆಯಲ್ಲಿ. ಏನೂ ಆಗಿರಲಿಲ್ಲ. ಸ್ವೀಡನ್ ವಿವರಣೆ ಕೇಳಬೇಕಾಯಿತು, ಟಿ.ವಿ.ಯಲ್ಲಿ ಕಂಡ ವರದಿಯ ಬಗ್ಗೆ ಹೇಳಿದ್ದೆ ಎಂಬ ಉತ್ತರ ಮರುದಿನ ಟ್ವಿಟರ್‌ನಲ್ಲಿ ಬಂತು.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವ ನಾಯಕರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಇವರು ದಡ ಮುಟ್ಟಿದರೂ ದೋಣಿಯಲ್ಲೇ ಕುಳಿತು ಹುಟ್ಟು ಹಾಕುತ್ತಿದ್ದರು. ಜನರ ಬಳಿಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಚಪ್ಪಾಳೆ ತಟ್ಟುವವರನ್ನಷ್ಟೇ ಲೇಖಕರು ‘ಜನರು’ ಎಂದು ಎಣಿಸಿದ್ದು ಹೇಗೆ?