ಮೂಲ ಮಾಲೀಕರನ್ನೂ ಕೇಳಲೇಬೇಕು

ಒಳಬಾಡಿಗೆಗೆ ಮಳಿಗೆ ಹಿಡಿದವರು, ಅದನ್ನು ಕೊಟ್ಟ ಬಾಡಿಗೆದಾರ ಒಪ್ಪಿದರೆ ಸಾಕು, ಒಳಗೆ ಬದಲಾವಣೆ ಮಾಡಿಸಿಕೊಳ್ಳಬಹುದು ಎಂದು ಒಳಬಾಡಿಗೆಯ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿದೆ. ದಯವಿಟ್ಟು ಇದನ್ನು ತಿದ್ದಿ. ಕೊಡಗಿನ ಗೋಣಿಕೊಪ್ಪದಲ್ಲಿ ನಾನು ಹಾಗೇ ನಂಬಿ ಕೈಸುಟ್ಟುಕೊಂಡೆ.

ಬೇಕರಿಗೆಂದು ಹಳೇ ಹೆಂಚಿನ ಕಟ್ಟಡದಲ್ಲಿ ಮಳಿಗೆಯನ್ನು ಒಳಬಾಡಿಗೆಗೆ ಹಿಡಿದಿದ್ದೆ. ಓವನ್ನಿನ ಹೊಗೆ ಕೊಳವೆಗಾಗಿ ಹಿಂದಿನ ಗೋಡೆ ಕೊರೆಸಿ, ಮೇಲೆ ನಾಲ್ಕು ಹೆಂಚು ತೆಗೆಸಿದೆ. ಅದನ್ನು ನನಗೆ ಕೊಟ್ಟ ಬಾಡಿಗೆದಾರರು "ಮಾಡ್ಕೊಳ್ಳಿ, ಏನೂ ತೊಂದ್ರೆ ಇಲ್ಲ" ಅಂದಿದ್ದರು, ಅದೂ ಬಾಯಿಮಾತಲ್ಲಿ. ನಮ್ಮ ಜುಲೈ ಮಳೆ ಗೊತ್ತಲ್ಲ. ಕೊಳವೆಯ ಸುತ್ತ ನೀರಿಳಿದು ಹೆಂಚಿನಡಿಯ ಮರದ ಪಕಾಸಿ ನೆನೆಯಿತು, ಗೋಡೆಯ ಗಾರೆ ಉಬ್ಬಿ ಅಂಗೈ ಅಗಲದ ಚಕ್ಕೆಗಳಾಗಿ ಉದುರಿತು. ಆಗ ಬಂದ ಮೂಲ ಮಾಲೀಕರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ! ಅವರು ಮೊದಲ ಬಾಡಿಗೆದಾರರ ಜೊತೆ ಮಾಡಿಕೊಂಡ ಕರಾರಿನಲ್ಲಿ ಗೋಡೆ, ಮಾಡು (ಚಾವಣಿ) ಮುಟ್ಟಬಾರದು ಎಂದು ಬರೆದಿತ್ತು. ದುರಸ್ತಿಯ ಹಣ ನನ್ನ ಅಡ್ವಾನ್ಸಿನಲ್ಲೇ ಮುರಿದುಹೋಯಿತು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ನೋಡಿ. ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಮಾಲೀಕರ ಒಪ್ಪಿಗೆಯಿಲ್ಲದೆ ಬಾಡಿಗೆದಾರ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ (ಕೃಷಿಗಾದರೆ ಬೇರೆ ಮಾತು), ಸ್ವತ್ತಿಗೆ ಶಾಶ್ವತ ಹಾನಿ ಮಾಡುವಂತಿಲ್ಲ. ಬಿಡುವಾಗ ಸಹಜ ಸವೆತ ಬಿಟ್ಟು, ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಮೊದಲ ಬಾಡಿಗೆದಾರನಿಗೇ ಇಲ್ಲದ ಹಕ್ಕನ್ನು ಆತ ನಮಗೆ ಎಲ್ಲಿಂದ ಕೊಟ್ಟಾನು?

ಮಡಿಕೇರಿ, ವಿರಾಜಪೇಟೆ ಕಡೆ ಕೆಫೆಗೆಂದು ಹಳೇ ಮನೆ ಒಳಬಾಡಿಗೆಗೆ ಹಿಡಿಯುವ ಹುಡುಗರು ಮೊದಲು ಮೂಲ ಕರಾರಿನ ಪ್ರತಿ ಕೇಳಿ ಓದಲಿ. ಏನು ಒಡೆಯುತ್ತೀರಿ, ಬಿಡುವಾಗ ಯಾರು ಸರಿಮಾಡಿಸಬೇಕು ಎಂದು ಬರೆದು ಮೂಲ ಮಾಲೀಕರು, ಬಾಡಿಗೆದಾರ ಇಬ್ಬರಿಂದಲೂ ಸಹಿ ಹಾಕಿಸಿಕೊಳ್ಳಿ. ಗಾರೆಯವರು ಬರುವ ಮೊದಲೇ ಮಾಡು, ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ.