ಒಣಮರ ಕಾಯುವುದೂ ಕೆಲಸವೇ

ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿ ಕಡೆ ಈಗ ಕಾಡಿನ ಮಾತು ಬಂದರೆ ಹುಲಿಯದ್ದೇ ಸುದ್ದಿ. 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು ಪ್ರದೇಶವಾಯಿತು. 2022ರಲ್ಲಿ ಹುಲಿಗಳು ಎರಡು ಪಟ್ಟಾದವು ಅಂತ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ನನಗೂ ಖುಷಿಯೇ. ಆದರೆ ಫಾರೆಸ್ಟರ್ ಒಬ್ಬರ ಇಡೀ ಸರ್ವೀಸನ್ನು ಹುಲಿಯ ಲೆಕ್ಕದಲ್ಲೋ, ನೆಟ್ಟ ಸಸಿಗಳ ಲೆಕ್ಕದಲ್ಲೋ ಅಳೆಯುವುದು ಅನ್ಯಾಯ.

ನನ್ನ ಸೋದರಮಾವ ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ರಿಟೈರ್ ಆದವರು. "ಒಣಗಿದ ಮರ ಅಲ್ವಾ ಸಾರ್, ಕಡ್ಕೋತೀವಿ" ಅಂತ ಯಾರಾದರೂ ಕೇಳಿದರೆ ಸುಮ್ನೆ ಮೇಲಿನ ಪೊಟರೆ ತೋರಿಸುತ್ತಿದ್ದರು. ಮರಕುಟಿಗ ಕೊರೆದು ಬಿಟ್ಟ ಪೊಟರೆಗೆ ಆಮೇಲೆ ಗಿಳಿ ಬರುತ್ತದೆ, ಮೈನಾ ಬರುತ್ತದೆ, ಗೂಬೆ ಬರುತ್ತದೆ. ಬಿದ್ದ ದಿಮ್ಮಿಗೆ ಗೆದ್ದಲು, ಗೆದ್ದಲಿಗೆ ಕರಡಿ. ಅಭಯಾರಣ್ಯದಿಂದ ಒಣಮರ ತೆಗೆಯಬಾರದು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಆದರೆ ಸೌದೆಗೆ ಬಂದ ಅಜ್ಜಿಗೆ ಅದನ್ನು ಜಗಳವಿಲ್ಲದೆ ಒಪ್ಪಿಸಬೇಕಾದವರು ಬೀಟಿನಲ್ಲಿ, ಅಂದರೆ ತಮ್ಮ ಪಾಲಿನ ಕಾಡಿನಲ್ಲಿ, ಗಸ್ತು ತಿರುಗುವವರು ತಾನೇ?

ಇನ್ನು ಲಂಟಾನ. ಬ್ರಿಟಿಷರ ಕಾಲದಲ್ಲಿ ಅಂದಕ್ಕೆ ತಂದ ಗಿಡ. ಅದು ಹಬ್ಬಿದಲ್ಲಿ ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಡವೆ, ಕಾಟಿ ಏನು ಮೇಯಬೇಕು? ಕತ್ತಿಯಲ್ಲಿ ಸವರಿದರೆ ಮತ್ತೆ ಚಿಗುರುತ್ತದೆ. ಬುಡದ ಮಣ್ಣು ಬಿಡಿಸಿ, ಕಾಂಡ ಬೇರಿಗೆ ಸೇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಕಡಿದು, ಗಿಡವನ್ನು ತಲೆಕೆಳಗಾಗಿ ಇಡಬೇಕು. ಬೇರು ಬಿಸಿಲಿಗೆ ಒಣಗಿದರೆ ಆ ಗಿಡ ಸತ್ತಂತೆ. ಅಷ್ಟಕ್ಕೇ ಮುಗಿಯಲಿಲ್ಲ, ಹಕ್ಕಿಗಳು ಬೀಜ ಉದುರಿಸಿರುತ್ತವೆ. ಮಳೆ ಬಿದ್ದ ಮೇಲೆ ಮತ್ತೆ ಹೋಗಿ ಸಸಿ ಕೀಳಬೇಕು, ಮರುವರ್ಷವೂ ಹೋಗಬೇಕು. ಸಸಿ ನೆಟ್ಟರೆ ಫೋಟೋ ಬರುತ್ತದೆ, ಕಿತ್ತರೆ ಯಾರು ಬರುತ್ತಾರೆ?

ಕೆಳಗೆ ಮೋಯಾರ್ ಕಣಿವೆಯಲ್ಲಿ ರಣಹದ್ದುಗಳು ಹೊಳೆಮತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. ದನಗಳಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಕೊಡುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಔಷಧಿ ಸೇರಿದ ದನದ ಹೆಣ ತಿಂದರೆ ಹದ್ದಿನ ಮೂತ್ರಪಿಂಡವೇ ಕೆಡುತ್ತದೆ. ಹಾಗಾಗಿ ಗೂಡಿನ ಮರ ಕಾದರಷ್ಟೇ ಸಾಲದು, ದನ ಸಾಕುವವರ ಹಟ್ಟಿಗೂ ಹೋಗಿ ಮಾತಾಡಬೇಕು.

ಈ ಕೆಲಸ ಚೆನ್ನಾಗಿ ಬಲ್ಲವರು ನಮ್ಮ ಸೋಲಿಗ, ಊರಾಳಿ ಬುಡಕಟ್ಟಿನ ವಾಚರ್‌ಗಳು. ಅಂಥವರಿಗೆ ಖಾಯಂ ಕೆಲಸ ಕೊಡಿ. ಹಿರಿಯ ಗಾರ್ಡ್ ರಿಟೈರ್ ಆಗುವ ಮೊದಲು ಹೊಸಬರನ್ನು ಒಂದು ಬೇಸಿಗೆ, ಒಂದು ಮಳೆಗಾಲ ಅವರ ಜೊತೆ ಬೀಟ್ ನಡೆಸಿ. ವರ್ಷದ ವರದಿಯಲ್ಲಿ ನೆಟ್ಟ ಸಸಿಯ ಪಕ್ಕದಲ್ಲಿ ಹುಲ್ಲು ಮರಳಿ ಬಂದ ಜಾಗಕ್ಕೂ ಒಂದು ಕಾಲಂ ಇಡಿ.